ಮೊಮ್ಮಗಳ ಗಾಡಿ ಮತ್ತು ಮಾಡಿದವನ ಹೊಣೆ

(ಬಳಗದ ವಾರ್ಷಿಕ ವಿದ್ಯಾರ್ಥಿ ಶಿಬಿರದಲ್ಲಿ ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರು ನೀಡಿದ ಉಪನ್ಯಾಸದ ಲಿಖಿತ ರೂಪ)



ಬೆಳಗಿನಿಂದ ತಾವು ಕಾಡಿನ ಬಗ್ಗೆ, ಹೊಳೆಯ ಬಗ್ಗೆ, ಮಣ್ಣಿನ ಬಗ್ಗೆ ಗಂಭೀರವಾದ ಮಾತುಗಳನ್ನು ಕೇಳಿದ್ದೀರಿ. ಊಟದ ನಂತರದ ಈ ಹೊತ್ತಿನಲ್ಲಿ ನಾನು ಮಾತಾಡಲು ಆರಿಸಿಕೊಂಡದ್ದು ಒಂದು ಆಟಿಕೆ ಗಾಡಿಯ ಬಗ್ಗೆ. ನಗಬೇಡಿ. ಮೂವತ್ತು ವರ್ಷ ತರಗತಿಯಲ್ಲಿ ವಿದ್ಯುತ್ತಿನ ಪಾಠ ಮಾಡಿದ ನಾನು, ನಿವೃತ್ತನಾದ ಮೇಲೆ ಈ ಗಾಡಿಯನ್ನು ಮಾಡುವಾಗ ಕಲಿತದ್ದು ಬಹಳ. ಅದರಲ್ಲಿ ಪರಿಸರದ ಪಾಠವೂ ಇತ್ತು, ನನ್ನ ತಪ್ಪುಗಳೂ ಇದ್ದವು. ಎರಡನ್ನೂ ತಮ್ಮ ಮುಂದಿಡುತ್ತೇನೆ.

ನನ್ನ ಮೊಮ್ಮಗಳಿಗೆ ಆಗ ಮೂರೂವರೆ ವರ್ಷ. ಪೇಟೆಯಲ್ಲಿ ನೆಂಟರ ಮನೆಗೆ ಹೋದವಳು ಅಲ್ಲಿ ಬ್ಯಾಟರಿಯ ಕಾರಿನಲ್ಲಿ ಕುಳಿತು ಬಂದಿದ್ದಳು. ಬಂದವಳೇ, "ಅಜ್ಜಾ, ನಂಗೂ ಕಾರು ಬೇಕು. ನೀನೇ ಮಾಡ್ಕೊಡು" ಎಂದಳು. ಕೊಂಡುಕೊಡು ಎಂದಿದ್ದರೆ ಇಲ್ಲ ಎನ್ನುವುದು ಸುಲಭವಿತ್ತು. ಮಾಡಿಕೊಡು ಎಂದದ್ದರಿಂದ ನಾನು ಸಿಕ್ಕಿಬಿದ್ದೆ.

ಈ ಆಸೆ ಹೊಸದೇನಲ್ಲ. ಫ್ರಾನ್ಸಿನ ಮೊಲ್ಸೆಮ್ ಎಂಬ ಊರಿನಲ್ಲಿ ಓಟದ ಕಾರುಗಳನ್ನು ತಯಾರಿಸುತ್ತಿದ್ದ ಎಟ್ಟೋರೆ ಬುಗಾಟಿ ಎಂಬಾತ 1920ರ ದಶಕದ ಉತ್ತರಾರ್ಧದಲ್ಲಿ ತನ್ನ ಕಿರಿಯ ಮಗ ರೋಲಾಂಡನಿಗಾಗಿ ಒಂದು ಪುಟ್ಟ ಕಾರನ್ನು ಕಟ್ಟಿದ. ತನ್ನ ಪ್ರಸಿದ್ಧ ಓಟದ ಕಾರಿನ ಅರ್ಧ ಅಳತೆಯ ಪ್ರತಿರೂಪ ಅದು. ಅದಕ್ಕೆ ಎಂಜಿನ್ ಇರಲಿಲ್ಲ, 12 ವೋಲ್ಟಿನ ಬ್ಯಾಟರಿ ಮತ್ತು ವಿದ್ಯುತ್ ಮೋಟಾರು ಇದ್ದವು. ಅದನ್ನು ನೋಡಿದ ಗಿರಾಕಿಗಳು ತಮ್ಮ ಮಕ್ಕಳಿಗೂ ಬೇಕೆಂದು ಕೇಳಿದರು. ಕಾರ್ಖಾನೆ ಅಂಥವನ್ನು ಮಾರತೊಡಗಿತು. ಸುಮಾರು ನೂರು ವರ್ಷ ಕಳೆದರೂ ಮಕ್ಕಳ ಗಾಡಿಯ ಮೂಲರಚನೆ ಅದೇ: ಒಂದು ಬ್ಯಾಟರಿ, ಒಂದು ಮೋಟಾರು, ಒಂದು ಸ್ವಿಚ್ಚು, ನಾಲ್ಕು ಗಾಲಿ.

ಆದರೆ ಮೊಲ್ಸೆಮ್ ಬಯಲು ನಾಡು. ನಮ್ಮದು ಗುಡ್ಡದ ನಾಡು. ನನ್ನ ಮೊದಲ ಪಾಠ ಅಲ್ಲಿಂದಲೇ ಆರಂಭವಾಯಿತು.

ಅಕ್ಕಿ ಮೂಟೆಯ ಪರೀಕ್ಷೆ

ಪೇಟೆಯ ಗುಜರಿ ಅಂಗಡಿಯಲ್ಲಿ ನನಗೆ ಮೊದಲು ಸಿಕ್ಕಿದ್ದು ಹಳೆಯ ಕಾರೊಂದರ ರೇಡಿಯೇಟರ್ ಫ್ಯಾನಿನ ಮೋಟಾರು. ಅದು ನಿಮಿಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಮಗುವಿನ ಗಾಡಿಗೆ ಅಷ್ಟು ವೇಗ ಬೇಡ, ಅದರ ಬದಲು ಬಲ ಬೇಕು. ಆದ್ದರಿಂದ ಮೊದಲ ಹಂತದಲ್ಲಿ ಬೆಲ್ಟು, ಎರಡನೆಯ ಹಂತದಲ್ಲಿ ಸೈಕಲ್ ಚೈನು ಹಾಕಿ ವೇಗವನ್ನು ಇಳಿಸಿದೆ. ಹಿಂದಿನ ಗಾಲಿಗೆ ಸೈಕಲ್ಲಿನ ಫ್ರೀವೀಲನ್ನು ಜೋಡಿಸಿದೆ. ಹಲಸಿನ ಹಲಗೆಯ ಆಸನ, ಕಬ್ಬಿಣದ ಪಟ್ಟಿಯ ಚೌಕಟ್ಟು. ನೋಡಲು ಚೆನ್ನಾಗಿಯೇ ಇತ್ತು.

ಮಗುವನ್ನು ಕೂರಿಸುವ ಮೊದಲು 15 ಕಿಲೋ ಅಕ್ಕಿಯ ಮೂಟೆಯನ್ನು ಆಸನಕ್ಕೆ ಕಟ್ಟಿ, ಅಡಿಕೆ ಒಣಗಿಸುವ ಅಂಗಳದಲ್ಲಿ ಓಡಿಸಿದೆ. ಅಂಗಳದಲ್ಲಿ ಗಾಡಿ ಸೊಗಸಾಗಿ ಓಡಿತು. ಅಂಗಳದ ಅಂಚು ದಾಟಿ ತೋಟಕ್ಕಿಳಿಯುವ ದಾರಿಗೆ ಬಂದಾಗ ಸ್ವಿಚ್ಚನ್ನು ಆರಿಸಿದೆ. ಮೋಟಾರು ನಿಂತಿತು, ಗಾಡಿ ನಿಲ್ಲಲಿಲ್ಲ. ಇಳಿಜಾರಿನಲ್ಲಿ ಸೈಕಲ್ಲಿನ ಪೆಡಲ್ ತುಳಿಯುವುದನ್ನು ಬಿಟ್ಟರೂ ಸೈಕಲ್ ಓಡುತ್ತಲೇ ಇರುತ್ತದಲ್ಲವೇ? ಅದು ಫ್ರೀವೀಲಿನ ಗುಣ. ನನ್ನ ಗಾಡಿಗೂ ಅದೇ ಗುಣವನ್ನು ನಾನೇ ಕೊಟ್ಟಿದ್ದೆ. ಅಕ್ಕಿ ಮೂಟೆ ತೋಟದ ಕಾಲುವೆಯಲ್ಲಿ ಮಗುಚಿಕೊಂಡಿತು.

ಅಂದು ರಾತ್ರಿ ಕುಳಿತು ಲೆಕ್ಕ ಹಾಕಿದೆ. ವಿದ್ಯಾರ್ಥಿಗಳು ಬರೆದುಕೊಳ್ಳಬಹುದು. ಇಳಿಜಾರು ಎಂಟಕ್ಕೆ ಒಂದು, ಉದ್ದ 12 ಮೀಟರು. ಗಾಲಿಯ ತಡೆಯನ್ನು ತೂಕದ ಇಪ್ಪತ್ತರಲ್ಲಿ ಒಂದು ಪಾಲೆಂದು ಹಿಡಿದು ಕಳೆದರೂ, ಕೆಳಗೆ ತಲುಪುವಾಗ ಗಾಡಿಯ ವೇಗ ಗಂಟೆಗೆ ಸುಮಾರು 15 ಕಿಲೋಮೀಟರು. ತಲುಪಲು ಬೇಕಾದ ಕಾಲ ಆರು ಸೆಕೆಂಡಿಗಿಂತ ಕಡಿಮೆ. ಅರವತ್ತು ದಾಟಿದ ಅಜ್ಜ ಆರು ಸೆಕೆಂಡಿನಲ್ಲಿ ಆ ಗಾಡಿಯನ್ನು ಹಿಡಿಯುವುದು ಸಾಧ್ಯವಿಲ್ಲ. ಮೂಟೆಯ ಜಾಗದಲ್ಲಿ ಮಗು ಇದ್ದಿದ್ದರೆ ಎಂಬ ಯೋಚನೆಯಿಂದ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಮಲೆನಾಡಿನಲ್ಲಿ ಮಕ್ಕಳ ಗಾಡಿಗೆ ಮೊದಲ ಪ್ರಶ್ನೆ "ಹೇಗೆ ಓಡುತ್ತದೆ" ಎಂಬುದಲ್ಲ, "ಹೇಗೆ ನಿಲ್ಲುತ್ತದೆ" ಎಂಬುದು. ಬಯಲು ಸೀಮೆಯ ಅಂಗಳಕ್ಕಾಗಿ ತಯಾರಾದ ವಸ್ತುವನ್ನು ತಂದು ನಮ್ಮ ಅಂಗಳದಲ್ಲಿಟ್ಟರೆ ಅದಕ್ಕೆ ನಮ್ಮ ಇಳಿಜಾರು ಗೊತ್ತಿರುವುದಿಲ್ಲ. ಈ ಮಾತು ಗಾಡಿಗಷ್ಟೇ ಅನ್ವಯಿಸುವುದಿಲ್ಲ ಎಂಬುದು ಇಲ್ಲಿ ಕುಳಿತಿರುವ ಹಿರಿಯರಿಗೆ ಗೊತ್ತು.

ವೈಪರ್ ಮೋಟಾರು

ಎರಡನೆಯ ಸಲ ನಾನು ತಂದದ್ದು ಬಸ್ಸು ಕಾರುಗಳಲ್ಲಿ ಮಳೆಗಾಲದಲ್ಲಿ ಗಾಜು ಒರೆಸುವ ವೈಪರಿನ ಮೋಟಾರು. ನಮ್ಮ ಕೆಲಸಕ್ಕೆ ಇದು ಹೇಳಿ ಮಾಡಿಸಿದಂಥದ್ದು. ಅದರೊಳಗೆ ವರ್ಮ್ ಗೇರ್ ಎಂಬ ಏರ್ಪಾಡಿದೆ: ಸ್ಕ್ರೂವಿನಂತೆ ಸುರುಳಿಯಾದ ಒಂದು ದಂಡ ತಿರುಗಿ ಹಲ್ಲಿನ ಚಕ್ರವೊಂದನ್ನು ನಿಧಾನವಾಗಿ ತಳ್ಳುತ್ತದೆ. ದಂಡ ಚಕ್ರವನ್ನು ತಿರುಗಿಸಬಲ್ಲದು, ಚಕ್ರ ದಂಡವನ್ನು ತಿರುಗಿಸುವುದು ಬಹಳ ಕಷ್ಟ. ಅಂದರೆ ವಿದ್ಯುತ್ತು ನಿಂತರೆ ಗಾಲಿ ಬಹುಮಟ್ಟಿಗೆ ತಾನಾಗಿಯೇ ಬಿಗಿದುಕೊಳ್ಳುತ್ತದೆ.

ಅದರ ವೇಗವೂ ಮಗುವಿಗೆ ತಕ್ಕದ್ದು. ಕಡಿಮೆ ವೇಗದಲ್ಲಿ ನಿಮಿಷಕ್ಕೆ ಸುಮಾರು 40 ಸುತ್ತು, ಹೆಚ್ಚಿನ ವೇಗದಲ್ಲಿ ಸುಮಾರು 60. ಗಾಲಿಯ ವ್ಯಾಸ 25 ಸೆಂಟಿಮೀಟರ್ ಇದ್ದರೆ ಒಂದು ಸುತ್ತಿಗೆ ಗಾಡಿ 78 ಸೆಂಟಿಮೀಟರ್ ಮುಂದೆ ಹೋಗುತ್ತದೆ. ಅರವತ್ತು ಸುತ್ತಿಗೆ 47 ಮೀಟರು. ಗಂಟೆಗೆ ಮೂರು ಕಿಲೋಮೀಟರಿಗೂ ಕಡಿಮೆ. ಪಕ್ಕದಲ್ಲಿ ಅಜ್ಜಿಯೊಬ್ಬರು ನಡೆದು ಬರಬಹುದಾದ ವೇಗ ಅದು. ಇದಕ್ಕಿಂತ ಹೆಚ್ಚು ವೇಗ ಈ ವಯಸ್ಸಿನ ಮಗುವಿಗೆ ಬೇಡ.

ಮೋಟಾರನ್ನು ಹಿಂದಿನ ಒಂದೇ ಗಾಲಿಗೆ ಜೋಡಿಸಿ ಇನ್ನೊಂದನ್ನು ಸ್ವತಂತ್ರವಾಗಿ ಬಿಟ್ಟೆ. ಗಾಡಿ ತಿರುಗುವಾಗ ಹೊರಗಿನ ಗಾಲಿ ಹೆಚ್ಚು ದೂರ, ಒಳಗಿನ ಗಾಲಿ ಕಡಿಮೆ ದೂರ ಸಾಗಬೇಕು. ಎರಡೂ ಗಾಲಿಗಳನ್ನು ಒಂದೇ ಅಚ್ಚಿಗೆ ಬಿಗಿದರೆ ಒಂದು ಎಳೆದಾಡುತ್ತದೆ. ಒಂದೇ ಗಾಲಿಗೆ ಬಲ ಕೊಟ್ಟರೆ ಆ ತೊಡಕಿಲ್ಲ.

ಕಾಲಿನ ಸ್ವಿಚ್ಚು ಒತ್ತಿದಾಗ ಮಾತ್ರ ಗಾಡಿ ಓಡಬೇಕು, ಕಾಲು ತೆಗೆದ ಕ್ಷಣ ನಿಲ್ಲಬೇಕು. ಚಿಕ್ಕ ಸ್ವಿಚ್ಚಿನ ಮೂಲಕ ದೊಡ್ಡ ಪ್ರವಾಹವನ್ನು ಹರಿಸಿದರೆ ಅದು ಸುಟ್ಟು ಅಂಟಿಕೊಳ್ಳಬಹುದು. ಆಗ ಗಾಡಿ ನಿಲ್ಲುವುದೇ ಇಲ್ಲ. ಆದ್ದರಿಂದ ವಾಹನಗಳಲ್ಲಿ ಬಳಸುವ ಐದು ಕಡ್ಡಿಯ ರಿಲೇಯನ್ನು ನಡುವೆ ಹಾಕಿದೆ. ರಿಲೇ ವಿಶ್ರಾಂತಿಯಲ್ಲಿರುವಾಗ ಮೋಟಾರಿನ ಎರಡು ತುದಿಗಳೂ ಒಂದಕ್ಕೊಂದು ಕೂಡಿಕೊಳ್ಳುವಂತೆ ತಂತಿಯನ್ನು ಜೋಡಿಸಬಹುದು. ಆಗ ತಿರುಗಲು ಯತ್ನಿಸುವ ಮೋಟಾರು ಜನರೇಟರಾಗಿ ತನ್ನನ್ನೇ ತಡೆದುಕೊಳ್ಳುತ್ತದೆ. ಇದರ ಮೇಲೆ ಆಸನದ ಹಿಂದೆ, ಹಿರಿಯರ ಕೈಗೆಟಕುವಲ್ಲಿ, ಎಲ್ಲವನ್ನೂ ಆರಿಸುವ ಒಂದು ದೊಡ್ಡ ಸ್ವಿಚ್ಚು. ಗಾಲಿಗಳ ನಡುವಿನ ಅಗಲ ಎರಡಡಿಗೆ ಸಮೀಪ, ಆಸನ ನೆಲದಿಂದ ಒಂದು ಗೇಣಿನಷ್ಟು ಮಾತ್ರ ಎತ್ತರ. ಅಗಲವಾಗಿ, ತಗ್ಗಾಗಿ ಇರುವ ಗಾಡಿ ಸುಲಭವಾಗಿ ಮಗುಚುವುದಿಲ್ಲ.

ಅಕ್ಕಿ ಮೂಟೆ ಮತ್ತೊಮ್ಮೆ ಪ್ರಯಾಣ ಹೊರಟಿತು. ಅದೇ ಇಳಿಜಾರಿನಲ್ಲಿ ಸ್ವಿಚ್ಚು ಬಿಟ್ಟೆ. ಗಾಡಿ ನಿಂತಿತು. ಹತ್ತು ಸಲ ಬಿಟ್ಟೆ, ಹತ್ತು ಸಲವೂ ನಿಂತಿತು. ಆದರೂ ಅಂಗಳದ ಅಂಚಿಗೆ ಬಿದಿರಿನ ದಬ್ಬೆಯ ಬೇಲಿ ಕಟ್ಟಿಸಿದೆ. ಯಂತ್ರವನ್ನು ನಂಬಬೇಕು, ಬೇಲಿಯನ್ನೂ ಕಟ್ಟಬೇಕು.

ಹೊಗೆ

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ಮೊಮ್ಮಗಳು ಎಂಟು ದಿನ ಆನಂದದಿಂದ ಗಾಡಿ ಓಡಿಸಿದಳು. ಒಂಬತ್ತನೆಯ ದಿನ ಅಜ್ಜಿ ದೋಸೆಗೆ ಕರೆದಳೆಂದು ಇಳಿದು ಒಳಗೆ ಓಡಿದಳು. ನಾನು ಜಗಲಿಯಲ್ಲಿ ಪತ್ರಿಕೆ ಓದುತ್ತಿದ್ದೆ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ತಲೆಯೆತ್ತಿ ನೋಡಿದರೆ ಆಸನದ ಅಡಿಯಿಂದ ಹೊಗೆ ಏಳುತ್ತಿತ್ತು. ಓಡಿಹೋಗಿ ಬ್ಯಾಟರಿಯ ತಂತಿಯನ್ನು ಕಿತ್ತೆ, ಬೆರಳು ಸುಟ್ಟಿತು. ಹೊಗೆ ಬಂದದ್ದು ಮಗು ಕುಳಿತಿದ್ದ ಹಲಗೆಯ ಕೆಳಗಿನಿಂದ.

ಕಾರಣ ಸರಳ. ಅನೇಕ ವೈಪರ್ ಮೋಟಾರುಗಳಲ್ಲಿ ಹೊರಗಿನ ಲೋಹದ ಕವಚವೇ ಋಣ ತುದಿಯಾಗಿರುತ್ತದೆ. ಅದನ್ನು ಕಬ್ಬಿಣದ ಚೌಕಟ್ಟಿಗೆ ಬಿಗಿದಾಗ ಇಡೀ ಚೌಕಟ್ಟು ಋಣ ತುದಿಯಾಯಿತು. ಧನ ತಂತಿ ಓಡಾಟದಲ್ಲಿ ಚೌಕಟ್ಟಿನ ಅಂಚಿಗೆ ಉಜ್ಜಿ ಉಜ್ಜಿ ಅದರ ಹೊದಿಕೆ ಸವೆದು, ತಾಮ್ರ ಕಬ್ಬಿಣವನ್ನು ಮುಟ್ಟಿತು. ಬ್ಯಾಟರಿಯ ಶಕ್ತಿಯೆಲ್ಲ ಆ ತಂತಿಯಲ್ಲಿ ಉಷ್ಣವಾಗಿ ಹರಿಯಿತು.

"12 ವೋಲ್ಟು ತಾನೇ, ಏನಾಗುತ್ತದೆ" ಎಂದು ನಾವೆಲ್ಲ ಹೇಳುತ್ತೇವೆ. ನಾನೂ ತರಗತಿಯಲ್ಲಿ ಹೇಳಿದ್ದೇನೆ. 12 ವೋಲ್ಟು ಸಾಮಾನ್ಯವಾಗಿ ಶಾಕ್ ಹೊಡೆಯುವುದಿಲ್ಲ ನಿಜ, ಆದರೆ ಸುಡುತ್ತದೆ. ಶಾಕಿಗೆ ವೋಲ್ಟು ಮುಖ್ಯ, ಬೆಂಕಿಗೆ ಆಂಪಿಯರು ಮುಖ್ಯ. ದೊಡ್ಡ ಕಂಪನಿಗಳಿಗೂ ಈ ವಿಷಯದಲ್ಲಿ ಪಾಠವಾಗಿದೆ. 1998ರಲ್ಲಿ ಅಮೆರಿಕದಲ್ಲಿ ಫಿಶರ್-ಪ್ರೈಸ್ ಕಂಪನಿ ಮಕ್ಕಳು ಕುಳಿತು ಓಡಿಸುವ ತನ್ನ 'ಪವರ್ ವೀಲ್ಸ್' ಗಾಡಿಗಳನ್ನು ದುರಸ್ತಿಗಾಗಿ ಹಿಂದಕ್ಕೆ ಕರೆಯಬೇಕಾಯಿತು. ವಿದ್ಯುತ್ ಭಾಗಗಳು ಕಾದು ಬೆಂಕಿ ಹೊತ್ತಿಕೊಳ್ಳುವ ಅಪಾಯವೇ ಅದಕ್ಕೆ ಕಾರಣ. ಆ ಕರೆ ಒಂದು ಕೋಟಿಯಷ್ಟು ಗಾಡಿಗಳಿಗೆ ಅನ್ವಯಿಸುವಂಥದ್ದಾಗಿತ್ತು.

ನಾನು ಬಿಟ್ಟಿದ್ದು ಕೆಲವೇ ರೂಪಾಯಿಯ ಒಂದು ವಸ್ತುವನ್ನು: ಫ್ಯೂಸು. ಈಗ ಬ್ಯಾಟರಿಯ ಧನ ತುದಿಯಿಂದ ಒಂದು ಗೇಣಿನೊಳಗೆ, ಬೇರೆ ಯಾವ ಭಾಗವೂ ಬರುವ ಮೊದಲೇ, ಕಾರುಗಳಲ್ಲಿ ಬಳಸುವ 15 ಆಂಪಿಯರಿನ ಫ್ಯೂಸು ಇದೆ. ತಂತಿ 2.5 ಚದರ ಮಿಲಿಮೀಟರಿನ ತಾಮ್ರದ್ದು. ಫ್ಯೂಸು ಇರುವುದು ಮೋಟಾರನ್ನು ಉಳಿಸಲಿಕ್ಕೆ ಎಂದು ಅನೇಕರು ತಿಳಿದಿದ್ದಾರೆ. ಮೊದಲಿಗೆ ಅದು ತಂತಿಯನ್ನು, ಆ ಮೂಲಕ ಮನುಷ್ಯರನ್ನು ಉಳಿಸಲಿಕ್ಕೆ. ಕಬ್ಬಿಣದ ಚೌಕಟ್ಟನ್ನು ತೆಗೆದು ಮರದ್ದನ್ನು ಮಾಡಿದೆ. ತಂತಿಗಳನ್ನು ಪ್ಲಾಸ್ಟಿಕ್ ನಳಿಗೆಯೊಳಗೆ ಹಾಯಿಸಿ ಅಲ್ಲಲ್ಲಿ ಬಿಗಿದೆ. ಫ್ಯೂಸು ಹೋದಲ್ಲಿ ತಂತಿಯ ತುಣುಕು ಸಿಕ್ಕಿಸುವ ನಮ್ಮ ಊರಿನ ಅಭ್ಯಾಸ ಮಕ್ಕಳ ಗಾಡಿಯಲ್ಲಿ ಎಂದಿಗೂ ಬೇಡ.

ಬಣ್ಣದ ಬಗ್ಗೆಯೂ ಒಂದು ಮಾತು. ಮಗು ಸ್ಟಿಯರಿಂಗನ್ನು ಕಚ್ಚುತ್ತದೆ. ಮನೆಯ ಮೂಲೆಯಲ್ಲಿ ಉಳಿದ ಹಳೆಯ ಎನಾಮಲ್ ಬಣ್ಣವನ್ನು ಅದಕ್ಕೆ ಬಳಿಯಬೇಡಿ. ಗೃಹಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಪಾಲನ್ನು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಬಂದದ್ದು 2016ರಲ್ಲಿ. ಅದಕ್ಕಿಂತ ಹಳೆಯ ಡಬ್ಬಿಯಲ್ಲಿ ಏನಿದೆಯೋ ಬಲ್ಲವರಿಲ್ಲ. ಚನ್ನಪಟ್ಟಣದ ಆಟಿಕೆಗಳಿಗೆ ಅರಗಿನ ಹೊಳಪು ಕೊಡುವ ನಾಡು ನಮ್ಮದು. ನಾನು ಹಲಗೆಗೆ ಬರಿಯ ಅಗಸೆ ಎಣ್ಣೆ ಹಚ್ಚಿದೆ.

ಎರಡು ಲೆಕ್ಕಗಳು

ಈಗ ಬಳಗದ ಗೆಳೆಯರು ನನ್ನನ್ನು ಕೇಳಿದ ಪ್ರಶ್ನೆಗೆ ಬರುತ್ತೇನೆ. "ಮಾಸ್ತರೇ, ವಿದ್ಯುತ್ ಮಿತವಾಗಿ ಬಳಸಿ ಎಂದು ಊರಿಗೆಲ್ಲ ಹೇಳುವ ನೀವು ಮಗುವಿನ ಆಟಕ್ಕೆ ವಿದ್ಯುತ್ ಸುಡುತ್ತೀರಲ್ಲ?" ಪ್ರಶ್ನೆ ನ್ಯಾಯವಾದದ್ದು. ಉತ್ತರವನ್ನು ಲೆಕ್ಕದಿಂದಲೇ ಕೊಡಬೇಕು.

ಮಗು 14 ಕಿಲೋ, ಗಾಡಿ 21 ಕಿಲೋ, ಒಟ್ಟು 35. ಗಟ್ಟಿ ಅಂಗಳದಲ್ಲಿ ಅದನ್ನು ಎಳೆಯಲು ಅದರ ತೂಕದ ಇಪ್ಪತ್ತರಲ್ಲಿ ಒಂದು ಪಾಲು ಬಲ ಸಾಕು. ಅಂದರೆ ಒಂದೂಮುಕ್ಕಾಲು ಕಿಲೋ ತೂಕವನ್ನು ಎತ್ತುವಷ್ಟು. ಹತ್ತಕ್ಕೆ ಒಂದರ ಏರು ಬಂದರೆ ಇನ್ನೂ ಮೂರೂವರೆ ಕಿಲೋ ಸೇರುತ್ತದೆ. ಕಣ್ಣಿಗೆ ಅಷ್ಟೇನೂ ಕಾಣದ ಏರು, ಶ್ರಮವನ್ನು ಮೂರು ಪಟ್ಟು ಮಾಡುತ್ತದೆ. ಹೊರೆ ಹೊತ್ತು ಗುಡ್ಡ ಹತ್ತುವ ನಮ್ಮ ಹೆಂಗಸರಿಗೆ ಈ ಲೆಕ್ಕವನ್ನು ಯಾರೂ ಕಲಿಸಬೇಕಾಗಿಲ್ಲ.

ಸಮತಟ್ಟಿನಲ್ಲಿ ಗಾಡಿಗೆ ಸುಮಾರು 35 ವಾಟ್ ಬೇಕಾಗುತ್ತದೆ, ಏರಿನಲ್ಲಿ ಸುಮಾರು 100. ಕಂಪ್ಯೂಟರಿನ ಯುಪಿಎಸ್ಸಿನಲ್ಲಿರುವಂಥ 12 ವೋಲ್ಟು, 7 ಆಂಪಿಯರ್-ಗಂಟೆಯ ಮುಚ್ಚಿದ ಬ್ಯಾಟರಿಯಲ್ಲಿ 84 ವಾಟ್-ಗಂಟೆ ಶಕ್ತಿ ಇರುತ್ತದೆ. ಅದನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡದಿದ್ದರೆ ಬಾಳಿಕೆ ಹೆಚ್ಚು. ಆ ಅರ್ಧದಲ್ಲಿ ಸಮತಟ್ಟಾದ ಅಂಗಳದಲ್ಲಿ ಒಂದು ಗಂಟೆಯ ಆಟ. ಅದನ್ನು ಮತ್ತೆ ತುಂಬಲು, ನಷ್ಟವನ್ನೂ ಸೇರಿಸಿ, ಒಂದು ಯೂನಿಟ್ಟಿನ ಹದಿನಾರನೆಯ ಒಂದು ಭಾಗದಷ್ಟು ವಿದ್ಯುತ್ತು. ಅಷ್ಟರಲ್ಲಿ ತೋಟದ ಒಂದು ಅಶ್ವಶಕ್ತಿಯ ಪಂಪು ಐದು ನಿಮಿಷವೂ ಓಡಲಾರದು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಯಾರ ಮನೆಗಳು ನೀರಿನಡಿ ಹೋದವೋ ಅವರ ಮಕ್ಕಳು ಮೊಮ್ಮಕ್ಕಳು ಈ ಸಭೆಯಲ್ಲಿದ್ದಾರೆ. ಒಂದು ಯೂನಿಟ್ಟಿನ ಹದಿನಾರನೆಯ ಭಾಗವನ್ನೂ ಲೆಕ್ಕವಿಟ್ಟು ಬಳಸಬೇಕಾದ ಋಣ ನಮ್ಮ ಮೇಲಿದೆ. ಆದರೂ ಒಪ್ಪಬೇಕು: ಈ ಗಾಡಿಯ ವಿದ್ಯುತ್ತಿನ ಲೆಕ್ಕ ಚಿಕ್ಕದು. ದೊಡ್ಡ ಲೆಕ್ಕ ಇರುವುದು ಬ್ಯಾಟರಿಯಲ್ಲಿ.

ಆ ಬ್ಯಾಟರಿಯ ತೂಕ ಎರಡು ಕಿಲೋಗೂ ಹೆಚ್ಚು, ಅದರಲ್ಲಿ ಒಂದು ಕಿಲೋಗಿಂತ ಹೆಚ್ಚು ಸೀಸ. ಮುಚ್ಚಿದ ಪೆಟ್ಟಿಗೆಯಲ್ಲಿ ಇರುವವರೆಗೆ ಅದು ನಿರಪಾಯ. ಎರಡು ಮೂರು ವರ್ಷ ಕಳೆದು ಬ್ಯಾಟರಿ ಸತ್ತ ಮೇಲೆ ಅದರ ಎರಡನೆಯ ಕಥೆ ಆರಂಭವಾಗುತ್ತದೆ. ಗುಜರಿಯವನು ಅದನ್ನು ಒಡೆದು ಆಮ್ಲವನ್ನು ಚರಂಡಿಗೆ ಚೆಲ್ಲಿ, ಸೀಸವನ್ನು ಬಯಲಿನಲ್ಲಿ ಕರಗಿಸಿದರೆ, ಅದರ ಧೂಳು ಮಣ್ಣಿನಲ್ಲಿ ಕೂರುತ್ತದೆ. ಆ ಮಣ್ಣಿನಲ್ಲಿ ಆಡುವುದು ಮಕ್ಕಳೇ. ಸೆನೆಗಲ್ ದೇಶದ ರಾಜಧಾನಿ ಡಕಾರಿನ ಬಳಿ ತಿಯರೋಯ್ ಎಂಬ ಬಡಾವಣೆಯಲ್ಲಿ ಹಳೆಯ ಬ್ಯಾಟರಿಗಳ ಸೀಸವನ್ನು ತೆಗೆಯುವ ಕೆಲಸ ಮನೆಗಳ ನಡುವೆಯೇ ನಡೆಯುತ್ತಿತ್ತು. 2007-08ರಲ್ಲಿ ಕೆಲವೇ ತಿಂಗಳಲ್ಲಿ ಅಲ್ಲಿ 18 ಮಕ್ಕಳು ಸತ್ತರು.

ನಮ್ಮಲ್ಲಿ ಏನು ಎಂದು ಕೇಳಬಹುದು. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಡಾ. ತುಪ್ಪಿಲ್ ವೆಂಕಟೇಶ್ ಅವರ ಮುಂದಾಳತ್ವದಲ್ಲಿ ದೇಶದ ಏಳು ನಗರಗಳ ಮಕ್ಕಳ ರಕ್ತವನ್ನು ಪರೀಕ್ಷಿಸಲಾಯಿತು. ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೀಸ ಆಗಿನ ಮಿತಿಯನ್ನು ಮೀರಿತ್ತು. ಪೆಟ್ರೋಲಿಗೆ ಸೀಸ ಬೆರೆಸುವುದನ್ನು ದೇಶದಾದ್ಯಂತ 2000ದಲ್ಲಿ ನಿಲ್ಲಿಸಲಾಯಿತು. ಆದರೂ 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳು ಪ್ರಕಟಿಸಿದ ವರದಿ, ಜಗತ್ತಿನ ಮೂವರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಚಿಂತೆಗೆ ಕಾರಣವಾಗುವಷ್ಟು ಸೀಸವಿದೆಯೆಂದು ಅಂದಾಜಿಸಿತು. ಬ್ಯಾಟರಿಗಳನ್ನು ಬೇಕಾಬಿಟ್ಟಿ ಒಡೆಯುವುದು ಅದರ ಮುಖ್ಯ ಕಾರಣಗಳಲ್ಲಿ ಒಂದೆಂದಿತು. ಸೀಸ ಮಗುವಿನ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಸುರಕ್ಷಿತವೆನ್ನಬಹುದಾದ ಸೀಸದ ಮಟ್ಟ ಯಾವುದೂ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ನನ್ನ ಮೊಮ್ಮಗಳನ್ನು ನಗಿಸಿದ ಬ್ಯಾಟರಿ, ಕಾಣದ ಊರಿನ ಇನ್ನೊಂದು ಮಗುವಿನ ರಕ್ತಕ್ಕೆ ಸೇರಬಹುದು. ವಸ್ತುವೊಂದನ್ನು ಮಾಡಿದವನ ಹೊಣೆ ಮಗು ಗಾಡಿಯಿಂದ ಇಳಿದಾಗ ಮುಗಿಯುವುದಿಲ್ಲ. ಬ್ಯಾಟರಿಯ ಕೊನೆಯ ಚೂರು ಸೀಸ ಸರಿಯಾದ ಜಾಗಕ್ಕೆ ಸೇರಿದಾಗ ಮುಗಿಯುತ್ತದೆ. ನಾನು ಇಂದು ಹೇಳಬೇಕೆಂದು ಬಂದದ್ದು ಈ ಒಂದು ಮಾತನ್ನು.

ದಾರಿಯಿದೆ. ಹಳೆಯ ಬ್ಯಾಟರಿಯನ್ನು ವ್ಯಾಪಾರಿ ಹಿಂದಕ್ಕೆ ಪಡೆಯಬೇಕೆಂಬ ನಿಯಮ 2001ರಲ್ಲೇ ಬಂತು. ಅದರ ಜಾಗದಲ್ಲಿ 2022ರಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, ಬಳಸಿದ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಸೇರಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಹಳೆಯದನ್ನು ಕೊಟ್ಟು ರಸೀದಿ ಪಡೆದು ಹೊಸದನ್ನು ತರುವುದು ನಮ್ಮ ಪಾಲಿನ ಕೆಲಸ. ಸಾಧ್ಯವಿದ್ದವರು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಬಳಸಬಹುದು. ಅದರಲ್ಲಿ ಸೀಸವಿಲ್ಲ, ತೂಕ ಅರ್ಧಕ್ಕಿಂತ ಕಡಿಮೆ, ಬಾಳಿಕೆ ಹೆಚ್ಚು. ಅದಕ್ಕೆ ತಕ್ಕ ಚಾರ್ಜರು ಮತ್ತು ರಕ್ಷಣಾ ಮಂಡಲ ಇರಲೇಬೇಕು. ಹಳೆಯ ಲ್ಯಾಪ್‌ಟಾಪಿನಿಂದ ಕಿತ್ತ ಕೋಶಗಳನ್ನು ಬೆಸುಗೆ ಹಾಕಿ ಮಗುವಿನ ಆಸನದಡಿ ಇಡುವ ಸಾಹಸವನ್ನು ಯಾವ ವಿದ್ಯಾರ್ಥಿಯೂ ಮಾಡಬಾರದು. ಯಾವ ಬ್ಯಾಟರಿಯೇ ಇರಲಿ, ಗಾಡಿಯಿಂದ ಹೊರತೆಗೆದು, ಗಾಳಿಯಾಡುವ ಕಡೆ, ಹಿರಿಯರ ಕಣ್ಣೆದುರು ಚಾರ್ಜು ಮಾಡಬೇಕು.

ಗಾಡಿ ಯಾರದು

ಒಂದು ಪ್ರಶ್ನೆ ಮಾತ್ರ ನನ್ನೊಳಗೆ ಉಳಿದೇ ಇತ್ತು. ಓಡಲು ಎರಡು ಗಟ್ಟಿ ಕಾಲುಗಳಿರುವ ಮಗುವಿಗೆ ಬ್ಯಾಟರಿಯ ಗಾಡಿ ಯಾಕೆ? ಮೊಮ್ಮಗಳೇ ಅದಕ್ಕೆ ಉತ್ತರ ಕೊಟ್ಟಳು. ಒಂದು ವರ್ಷದೊಳಗೆ ಅವಳಿಗೆ ಗಾಡಿ ಬೇಸರವಾಯಿತು. ಅದು ಅವಳಿಗಿಂತ ನಿಧಾನ. ಅವಳು ಅಂಗಳದ ಆಚೆ ಪೇರಲೆ ಮರ ಹತ್ತಲು ಕಲಿತಿದ್ದಳು.

ನಮ್ಮ ತೋಟಕ್ಕೆ ಕೊನೆ ಕೊಯ್ಯಲು ಬರುವವರಿಗೆ ನಾಲ್ಕು ವರ್ಷದ ಮಗನಿದ್ದ. ಹುಟ್ಟಿನಿಂದಲೇ ಅವನ ಕಾಲುಗಳಲ್ಲಿ ಬಲವಿಲ್ಲ. ಕೊಯ್ಲಿನ ದಿನಗಳಲ್ಲಿ ತಾಯಿ ಅವನನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು ಜಗಲಿಯ ಕಂಬಕ್ಕೆ ಒರಗಿಸಿ ಕೂರಿಸುತ್ತಿದ್ದಳು. ಅವನು ಇಡೀ ದಿನ ಕೂರಿಸಿದಲ್ಲೇ ಕುಳಿತಿರುತ್ತಿದ್ದ. ಮೂಲೆಯಲ್ಲಿದ್ದ ಗಾಡಿಯನ್ನು ಅವನು ದಿಟ್ಟಿಸುವುದನ್ನು ಒಮ್ಮೆ ಗಮನಿಸಿದೆ. ಆ ಎರಡು ವರ್ಷ ನಾನು ಮಾಡುತ್ತಿದ್ದುದು ಯಾರ ಗಾಡಿಯನ್ನು ಎಂದು ಅಂದು ನನಗೆ ತಿಳಿಯಿತು.

ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದಲ್ಲಿ ಕೋಲ್ ಗ್ಯಾಲೋವೇ ಎಂಬ ಪ್ರಾಧ್ಯಾಪಕರು 2012ರಲ್ಲಿ 'ಗೋ ಬೇಬಿ ಗೋ' ಎಂಬ ಕೆಲಸವನ್ನು ಆರಂಭಿಸಿದರು. ಅಂಗಡಿಯಲ್ಲಿ ಸಿಗುವ ಆಟಿಕೆ ಕಾರುಗಳಿಗೆ ಕಾಲಿನ ಸ್ವಿಚ್ಚಿನ ಬದಲು ದೊಡ್ಡ ಗುಂಡಿ, ನೀರಿನ ಪೈಪುಗಳಿಂದ ಕಟ್ಟಿದ ಆಸರೆ, ಮೆತ್ತನೆಯ ಸ್ಪಂಜು ಹಾಕಿ ನಡೆಯಲಾರದ ಮಕ್ಕಳಿಗೆ ಕೊಡುವ ಕೆಲಸ ಅದು. ಮಗು ತಾನಾಗಿ ಒಂದೆಡೆಯಿಂದ ಇನ್ನೊಂದೆಡೆಗೆ ಹೋಗುವುದು ಅದರ ಕಲಿಕೆಗೆ, ಇತರರೊಡನೆ ಬೆರೆಯುವುದಕ್ಕೆ ಮುಖ್ಯ ಎಂಬುದು ಅದರ ಹಿಂದಿನ ವಿಚಾರ.

ನಮ್ಮ ಪ್ರೌಢಶಾಲೆಯ ಮೂವರು ವಿದ್ಯಾರ್ಥಿಗಳನ್ನು ಕರೆದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಕಾಣುವ ಫಿಸಿಯೋಥೆರಪಿಯವರನ್ನು ಕೇಳಿ, ಬೆನ್ನು ಎಷ್ಟು ಒರಗಬೇಕು, ಪಟ್ಟಿ ಎಲ್ಲಿ ಬರಬೇಕು ಎಂದು ತಿಳಿದುಕೊಂಡೆವು. ಇದನ್ನು ನಮ್ಮಷ್ಟಕ್ಕೆ ಊಹಿಸಬಾರದು. ಹನಿ ನೀರಾವರಿಯ ಉಳಿಕೆ ಪೈಪಿನಿಂದ ಆಸರೆ ಕಟ್ಟಿದೆವು. ರಿಲೇ ಮೊದಲೇ ಇದ್ದುದರಿಂದ ಕಾಲಿನ ಸ್ವಿಚ್ಚಿನ ಎರಡು ತಂತಿಗಳನ್ನು ಬಿಚ್ಚಿ ಸ್ಟಿಯರಿಂಗಿನ ಮೇಲಿನ ಅಂಗೈಯಗಲದ ಗುಂಡಿಗೆ ಜೋಡಿಸಿದರೆ ಸಾಕಾಯಿತು. ವೇಗವನ್ನು ಕಡಿಮೆಯ ಹಂತದಲ್ಲೇ ಇಟ್ಟೆವು.

ಅವನನ್ನು ಕೂರಿಸಿದ ದಿನ ಮೊದಮೊದಲು ಅವನಿಗೆ ಅರ್ಥವಾಗಲಿಲ್ಲ. ಗುಂಡಿಯನ್ನು ಮುಟ್ಟಿದ, ಗಾಡಿ ಒಂದಿಷ್ಟು ಸರಿದು ನಿಂತಿತು. ಕೈ ತೆಗೆದ. ನಮ್ಮನ್ನೆಲ್ಲ ನೋಡಿದ. ಮತ್ತೆ ಒತ್ತಿದ. ಅನಂತರ ಒತ್ತಿದ ಕೈಯನ್ನು ತೆಗೆಯಲೇ ಇಲ್ಲ. ಅಂಗಳವನ್ನು ದಾಟಿ ಕೊಟ್ಟಿಗೆಯ ಬಾಗಿಲಿಗೆ ಹೋಗಿ ಕರುವಿನ ಎದುರು ನಿಂತ. ತಾಯಿ ಗಾಬರಿಯಿಂದ, "ಏಯ್, ಎಲ್ಲಿಗ್ ಹೋಗ್ತಿದ್ಯೋ?" ಎಂದು ಕೂಗಿದಳು. ಕೂಗಿದವಳು ಅಲ್ಲೇ ಸುಮ್ಮನಾದಳು. ಸ್ವಲ್ಪ ಹೊತ್ತಿನ ನಂತರ ನನ್ನ ಕಡೆ ತಿರುಗಿ, "ಮಾಸ್ತರೇ, ಈ ಮಾತು ಅವ್ನಿಗೆ ಇವತ್ತೇ ಮೊದಲ್ ಕೇಳಿದ್ದು" ಎಂದಳು.

ಆ ಹುಡುಗನ ಮನೆ ಗುಡ್ಡದ ಮೇಲಿದೆ. ದಾರಿಯಲ್ಲಿ ಈ ಗಾಡಿ ಹತ್ತಲಾರದು, ಮೋಟಾರು ಕಾಯುತ್ತದೆ. ಮನೆಯ ಅಂಗಳ ಮತ್ತು ಅಂಗನವಾಡಿಯ ಅಂಗಳ, ಅಷ್ಟೇ ಅದರ ರಾಜ್ಯ. ಗಾಡಿ ಅವನ ಕಾಲಿಗೆ ಔಷಧಿಯಲ್ಲ. ಚಿಕಿತ್ಸೆ ಬೇರೆ ನಡೆಯುತ್ತಿದೆ. ಅವನು ಬೆಳೆದು ಅದು ಚಿಕ್ಕದಾದಾಗ ಇನ್ನೊಂದು ಮಗುವಿಗೆ ಹೋಗಬೇಕು. ಹಿಂಬದಿಯ ಹಲಗೆಯಲ್ಲಿ ಬ್ಯಾಟರಿ ಕೊಂಡ ದಿನಾಂಕವನ್ನೂ, ಅದನ್ನು ಹಿಂದಿರುಗಿಸಬೇಕಾದ ಅಂಗಡಿಯನ್ನೂ ಬರೆದಿಟ್ಟಿದ್ದೇವೆ. ಮೊದಲ ಬ್ಯಾಟರಿ ಸತ್ತಾಗ ಅದನ್ನು ಮೂವರು ವಿದ್ಯಾರ್ಥಿಗಳೇ ಬಸ್ಸಿನಲ್ಲಿ ಒಯ್ದು ಕೊಟ್ಟು ರಸೀದಿ ತಂದರು. ಆ ರಸೀದಿ ನನ್ನ ಬಳಿ ಇದೆ.

ಮಿತ್ರರೇ, ನನ್ನ ವಿನಂತಿ ಎರಡೇ. ಮೊದಲನೆಯದು ವಿದ್ಯಾರ್ಥಿಗಳಿಗೆ. ನಿಮ್ಮ ನಿಮ್ಮ ಊರಿನಲ್ಲಿ ಕೂರಿಸಿದಲ್ಲೇ ಕುಳಿತಿರುವ ಮಗು ಇದೆಯೇ ಎಂದು ನೋಡಿ ಬನ್ನಿ. ಇದ್ದರೆ ಬಂದು ಹೇಳಿ. ವೈಪರ್ ಮೋಟಾರು ಹುಡುಕುವುದನ್ನು ನಾನು ಕಲಿಸುತ್ತೇನೆ. ಅಕ್ಕಿ ಮೂಟೆಯನ್ನು ನೀವು ತನ್ನಿ. ಎರಡನೆಯದು ಬಳಗಕ್ಕೆ. ಇನ್ವರ್ಟರು, ಸೋಲಾರು, ಬೈಕು, ಔಷಧಿ ಹೊಡೆಯುವ ಪಂಪು, ಹಂದಿಗೆಂದು ಹಾಕಿದ ತಂತಿ ಬೇಲಿ: ಇಂದು ನಮ್ಮ ಒಂದೊಂದು ಮನೆಯಲ್ಲೂ ಎಷ್ಟು ಬ್ಯಾಟರಿಗಳಿವೆ ಎಂದು ಎಣಿಸಿ ನೋಡಿ. ಪ್ರತಿವರ್ಷ ಮಳೆಗಾಲದ ಮೊದಲು ಒಂದು ದಿನ ಸತ್ತ ಬ್ಯಾಟರಿಗಳನ್ನೆಲ್ಲ ಒಟ್ಟುಗೂಡಿಸಿ, ರಸೀದಿ ಪಡೆದು ಸರಿಯಾದ ಕಡೆಗೆ ಕಳಿಸುವ ಏರ್ಪಾಡನ್ನು ಬಳಗ ಮಾಡಬೇಕು. ಮಳೆ ಬಂದ ಮೇಲೆ ಕೊಟ್ಟಿಗೆಯ ಹಿಂದಿನ ಸೀಸ ನಮ್ಮ ಕೆರೆಗೇ ಇಳಿಯುತ್ತದೆ. ನಾವು ಇಳಿಜಾರಿನ ಜನ. ಮೇಲೆ ಬಿಟ್ಟದ್ದು ಕೆಳಗೆ ಯಾರದೋ ಅಂಗಳ ಸೇರುತ್ತದೆ.

ಗಾಡಿಯನ್ನು ಹೊರಗೆ ಮಾವಿನ ಮರದ ಕೆಳಗೆ ನಿಲ್ಲಿಸಿದೆ. ಅದರ ಒಡೆಯ ಈಗ ನಿದ್ದೆ ಮಾಡುತ್ತಿದ್ದಾನೆ; ಅವನು ಎದ್ದ ಮೇಲೆ ಅವನನ್ನು ಕೇಳಿ, ಆಸನವನ್ನೆತ್ತಿ ಒಳಗೆ ನೋಡಿ. ಫ್ಯೂಸು ಎಲ್ಲಿದೆ ಎಂಬುದನ್ನು ಮೊದಲು ನೋಡಿ.